ಊರು ಯಾವುದು ಹಾಕ್ಲಿ?

ಬೈಲಹೊಂಗಲದ ಬಜಾರದಲ್ಲಿ ದೇವಕ್ಕನ ಭಾಂಡೆ ಅಂಗಡಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಕಿವಿ ಇದ್ದರೆ ಸಾಕು. ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಸಂದೀಪ ದಿನವಿಡೀ ಕರೆಂಟಿನ ಸೂಜಿಯಿಂದ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿರುತ್ತಾನೆ. ಆ ಸದ್ದಿಗೆ ಹೊಸಬರು ಹಲ್ಲು ಕಚ್ಚಿ ಹಿಡಿಯುತ್ತಾರೆ. ನನ್ನ ಪುಸ್ತಕದ ಅಂಗಡಿ ಎದುರು ಸಾಲಿನಲ್ಲೇ ಇರುವುದರಿಂದ ನನ್ನ ಹಲ್ಲುಗಳು ಎಂದೋ ಸೋತು ಸುಮ್ಮನಾಗಿವೆ. ಆ ಸದ್ದನ್ನೂ ಮೀರಿ ಕೇಳಿಸುವುದು ದೇವಕ್ಕನ ದನಿ. ಅದು ಮಾತ್ರ ನನಗೆ ಇನ್ನೂ ರೂಢಿಯಾಗಿಲ್ಲ.

ನಮ್ಮ ಕಡೆ ಮದುವೆಯಿರಲಿ, ತೊಟ್ಟಿಲಿರಲಿ, ಹೊಸ ಮನೆಯಿರಲಿ, ಕರೆದವರಿಗೆ ಭಾಂಡೆ ಕೊಡುವ ರೂಢಿ. ಕೊಟ್ಟವರ ಹೆಸರು ಅದರ ಮೇಲೆ ಇರಲೇಬೇಕು. ಇಲ್ಲದಿದ್ದರೆ ಕೊಟ್ಟದ್ದು ಕೊಟ್ಟಂತಾಗುವುದಿಲ್ಲ. ಗಿರಾಕಿ ಕೊಡವನ್ನೋ ಬೋಗೋಣಿಯನ್ನೋ ಆರಿಸಿ ಮೆಟ್ಟಿಲ ಮೇಲೆ ಇಟ್ಟ ಕೂಡಲೇ ಸಂದೀಪ ಎರಡು ಪ್ರಶ್ನೆ ಕೇಳುತ್ತಾನೆ. ಮೊದಲನೆಯದು ಹೆಸರು. ಎರಡನೆಯದು, "ಊರು ಯಾವುದು ಹಾಕ್ಲಿ?"

ಈ ಎರಡನೆಯ ಪ್ರಶ್ನೆಗೂ ಒಂದು ರಿವಾಜಿದೆ. ಬೇರೆಯವರ ಮನೆಗೆ ಹೋಗುವ ಭಾಂಡೆಗೆ ಹೆಸರಿನ ಕೆಳಗೆ ಊರು ಬೇಕು. ನಾಳೆ ಆ ಮನೆಯ ಸೊಸೆ ಪಾತ್ರೆ ತಿಕ್ಕುವಾಗ ಇದು ಎಲ್ಲಿಂದ ಬಂತು ಎಂದು ಗೊತ್ತಾಗಬೇಕಲ್ಲ. ಸ್ವಂತ ಮನೆಗೆ ಒಯ್ಯುವ ಭಾಂಡೆಗಾದರೆ ಬರೀ ಹೆಸರು ಸಾಕು. ಮನೆಯ ಕೊಡ ಓಣಿಯ ನಳದವರೆಗೆ ಹೋಗಿ ತಪ್ಪಿಸಿಕೊಂಡರೂ ಊರು ದಾಟುವುದಿಲ್ಲ. ಹಾಗಾಗಿ ಯಾರಾದರೂ "ಊರು ಬ್ಯಾಡ" ಎಂದರೆ ಅದು ಮನೆಯ ಭಾಂಡೆ ಎಂದು ಸಂದೀಪ ತಿಳಿದುಕೊಂಡು ಮುಂದಿನ ಗಿರಾಕಿಯ ಕಡೆ ತಿರುಗುತ್ತಾನೆ.

ದೇವಕ್ಕನಿಗೆ ಈಗ ಅರವತ್ತರ ಆಚೆ ಈಚೆ. ಎತ್ತರದ ಆಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಟ್ಟದ ಮೇಲಿನ ಹಂಡೆಯನ್ನು ಇವತ್ತಿಗೂ ತಾನೇ ಇಳಿಸುತ್ತಾಳೆ. ಗಿರಾಕಿ ಯಾವ ಭಾಂಡೆ ಕೊಳ್ಳಬೇಕು ಎನ್ನುವುದನ್ನು ಗಿರಾಕಿಗಿಂತ ಮೊದಲು ಆಕೆ ನಿರ್ಧರಿಸಿರುತ್ತಾಳೆ. ಗಂಡ ಮಲಕಾಜಪ್ಪ ಒಳಗೆ ಗಾದಿಯ ಮೇಲೆ ಕುಳಿತು, ಜನ ಮುರಿಯಲು ತಂದುಕೊಡುವ ಹಳೆಯ ತಾಮ್ರ, ಹಿತ್ತಾಳೆ ತೂಗಿ ಕೊಳ್ಳುತ್ತಾನೆ. ಅವನು ಕಿವುಡ ಎಂದು ಅನೇಕರು ತಿಳಿದಿದ್ದಾರೆ. ಕಿವುಡನೇನಲ್ಲ. ಮಾತಾಡಲು ಸರದಿ ಸಿಕ್ಕಿಲ್ಲ, ಅಷ್ಟೇ.

ಆಕೆ ರಾಮದುರ್ಗದವಳು. ಇದನ್ನು ಬಜಾರದಲ್ಲಿ ಬಹಳ ಜನ ಮರೆತೇಬಿಟ್ಟಿದ್ದಾರೆ, ಮರೆಯುವಂತೆ ನೋಡಿಕೊಂಡವಳೂ ಆಕೆಯೇ. ಮದುವೆಯಾಗಿ ಬಂದಾಗ ಮನೆಯಲ್ಲಿ ಅತ್ತೆ ಶಟ್ಟೆವ್ವನ ದರ್ಬಾರು. ರೊಟ್ಟಿ ದಪ್ಪವಾದರೆ ಶಟ್ಟೆವ್ವ ಅದಕ್ಕೆ ರಾಮದುರ್ಗದ ರೊಟ್ಟಿ ಎನ್ನುತ್ತಿದ್ದಳು. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ರಾಮದುರ್ಗದ ಕೈ. ಸೊಸೆ ಜೋರಾಗಿ ನಕ್ಕರೆ ರಾಮದುರ್ಗದ ಹಲ್ಲು. ಸಣ್ಣ ಊರಿನಿಂದ ಹೆಣ್ಣು ತಂದು ತಪ್ಪು ಮಾಡಿದೆವು ಎಂದು ಓಣಿಯ ತುಂಬ ಹೇಳುತ್ತಿದ್ದಳು. ಬೇರೆ ಸೊಸೆಯಾಗಿದ್ದರೆ ಬಚ್ಚಲಲ್ಲಿ ಕುಳಿತು ಅಳುತ್ತಿದ್ದಳೇನೋ. ದೇವಕ್ಕ ಅತ್ತವಳಲ್ಲ. ಹುಟ್ಟಾ ಬೈಲಹೊಂಗಲದವರಿಗಿಂತ ಹೆಚ್ಚು ಬೈಲಹೊಂಗಲದವಳಾಗಿ ನಿಂತಳು. ಯಾವ ಓಣಿಯಲ್ಲಿ ಯಾರ ಮನೆ, ಯಾರ ಅಂಗಡಿ ಯಾರ ಕೈಗೆ ಹೋಯಿತು, ಅರಳೆಯ ವ್ಯಾಪಾರ ಯಾವಾಗ ಏರಿತು, ಯಾವಾಗ ಇಳಿಯಿತು, ಎಲ್ಲವೂ ಬಾಯಲ್ಲೇ. ಮಾತು ಮಾತಿಗೆ "ನಮ್ಮ ಹೊಂಗಲದಾಗ" ಎನ್ನುತ್ತಾಳೆ. ಶಟ್ಟೆವ್ವ ತೀರಿಕೊಂಡು ಬಹಳ ವರ್ಷವಾಯಿತು. ಆದರೂ ದೇವಕ್ಕ ಇನ್ನೂ ಅತ್ತೆಗೇ ಉತ್ತರ ಕೊಡುತ್ತಿದ್ದಾಳೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ರಾಮದುರ್ಗದಲ್ಲಿ ಆಕೆಗೆ ಉಳಿದಿರುವವನು ತಮ್ಮ ಮಹಾದೇವ ಒಬ್ಬನೇ. ತಾಯಿ ಬೇಗ ಹೋದದ್ದರಿಂದ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಈಕೆ. ಹಿಂದೆ ಅವರ ಮನೆಯಲ್ಲಿ ಮಗ್ಗಗಳಿದ್ದವು. ಈಗ ಅವನು ಸೀರೆ ಅಂಗಡಿ ಇಟ್ಟುಕೊಂಡಿದ್ದಾನೆ. ಪ್ರತಿ ವರ್ಷ ನಾಗರ ಪಂಚಮಿಗೆ ಎರಡು ದಿನ ಮೊದಲು ಅಕ್ಕನನ್ನು ಕರೆಯಲು ಬರುತ್ತಾನೆ. ಫೋನು ಗೀನು ಇಲ್ಲ. ಬಸ್ಸಿಳಿದು ಬಂದು ಇದೇ ಮೆಟ್ಟಿಲ ಕೆಳಗೆ ನಿಂತು, "ಅಕ್ಕಾ, ಚೀಲ ಕಟ್ಟು" ಎನ್ನುತ್ತಾನೆ. ಬಸ್ಸು ಎಷ್ಟು ಕುಲುಕಾಡುತ್ತದೆ, ರಾಮದುರ್ಗದಲ್ಲಿ ಎಷ್ಟು ಸೆಕೆ, ಅಲ್ಲಿಗೆ ಬಂದು ತಾನೇನು ಮಾಡಬೇಕು ಎಂದು ದೇವಕ್ಕ ಬಜಾರಕ್ಕೆಲ್ಲ ಕೇಳುವಂತೆ ಬೈಯುತ್ತಾಳೆ. ಬೈಯುತ್ತಲೇ ಗಾದಿಯ ಕೆಳಗಿನಿಂದ ಚೀಲ ಎಳೆಯುತ್ತಾಳೆ. ಅದು ನಾಲ್ಕು ದಿನ ಮುಂಚೆಯೇ ಕಟ್ಟಿದ್ದಾಗಿರುತ್ತದೆ. ತವರಿಗೆ ಬರಿಗೈಯಲ್ಲಿ ಹೋಗಬಾರದೆಂದು ಪ್ರತಿ ಸಲ ಒಂದು ಭಾಂಡೆ ಒಯ್ಯುತ್ತಾಳೆ. ಅದರ ಮೇಲೆ ಸಂದೀಪನೂ, ಅವನಿಗಿಂತ ಮೊದಲು ಉಳಿಯಿಂದ ಚುಕ್ಕೆ ಚುಕ್ಕೆ ಹೊಡೆಯುತ್ತಿದ್ದ ಮುದುಕನೂ ಒಂದೇ ರೀತಿ ಕೊರೆದುಕೊಡುತ್ತ ಬಂದಿದ್ದಾರೆ: ಸೌ. ದೇವಕ್ಕ ಮಲಕಾಜಪ್ಪ, ಬೈಲಹೊಂಗಲ.

ಈಗ ಹೋದ ಆಷಾಢದ ಸಂಗತಿಗೆ ಬರುತ್ತೇನೆ. ಆಷಾಢದಲ್ಲಿ ಮದುವೆಗಳಿಲ್ಲ, ಆದ್ದರಿಂದ ಭಾಂಡೆ ವ್ಯಾಪಾರವೂ ಇಲ್ಲ. ಇರುವುದು ಹರಟೆ ಮಾತ್ರ. ಸಂಜೆಯಾದರೆ ಆ ಮೆಟ್ಟಿಲ ಮೇಲೆ ನಾವೊಂದಿಷ್ಟು ಜನ ಸೇರುತ್ತೇವೆ. ಅದರ ಅಧ್ಯಕ್ಷರು ನಿಜಗುಣಪ್ಪನವರು. ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಮೂಲ ಸಿರಸಂಗಿಯವರು. ನಿವೃತ್ತರಾದ ಮೇಲೆ ತರಗತಿ ತಪ್ಪಿತಲ್ಲ, ಆ ಹಸಿವನ್ನು ನಮ್ಮ ಮೇಲೆ ತೀರಿಸಿಕೊಳ್ಳುತ್ತಾರೆ.

ಒಂದು ಸಂಜೆ ಅವರು ಮೊಬೈಲು ಹಿಡಿದುಕೊಂಡೇ ಬಂದರು. ಜಗತ್ತಿನ ಶಹರಗಳಿಗೆ ದರ್ಜೆ ಹಚ್ಚುವ ವಿದ್ವಾಂಸರು ವಿಲಾಯತಿಯಲ್ಲಿದ್ದಾರಂತೆ. ಲಂಡನ್, ನ್ಯೂಯಾರ್ಕ್ ಎಲ್ಲಕ್ಕಿಂತ ಮೇಲಿನ ದರ್ಜೆ. ಅದರ ಕೆಳಗೆ ಆಲ್ಫಾ, ಬೀಟಾ, ಗಾಮಾ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮುಂಬೈ, ಬೆಂಗಳೂರು ಕೂಡ ಅದರಲ್ಲಿವೆ. ಯಾವ ಲೆಕ್ಕದ ಮೇಲೆ ಹಚ್ಚುತ್ತಾರೆ ಎಂದು ನಾನು ಕೇಳಿದೆ. ಜನಸಂಖ್ಯೆಯ ಮೇಲಿರಬೇಕು ಎಂದ ಸಂದೀಪ. ನಿಜಗುಣಪ್ಪನವರಿಗೆ ಬೇಕಾದದ್ದು ಇದೇ ತಪ್ಪು ಉತ್ತರ. ಜನಸಂಖ್ಯೆ ಅಲ್ಲ, ಗುಡಿಯ ಎತ್ತರ ಅಲ್ಲ, ಅರಮನೆ ಅಲ್ಲ ಎಂದು ಒಂದೊಂದನ್ನೇ ತಳ್ಳಿಹಾಕಿದರು. ದೊಡ್ಡ ದೊಡ್ಡ ಲೆಕ್ಕಪತ್ರದ ಕಂಪನಿ, ವಕೀಲರ ಕಂಪನಿ, ಬ್ಯಾಂಕು, ಜಾಹೀರಾತಿನ ಕಂಪನಿಗಳ ಕಚೇರಿಗಳು ಯಾವ ಯಾವ ಶಹರಗಳಲ್ಲಿವೆ, ಒಂದು ಶಹರಕ್ಕೆ ಇನ್ನೊಂದರ ಜೊತೆ ಅವುಗಳ ಮೂಲಕ ಎಷ್ಟು ನಂಟಿದೆ, ಅದನ್ನು ನೋಡುತ್ತಾರಂತೆ. ಒಂದು ಊರಿನ ತೂಕ ಅದರೊಳಗೆ ಏನಿದೆ ಎನ್ನುವುದರಲ್ಲಿಲ್ಲ, ಬೇರೆ ಊರುಗಳಿಗೆ ಅದು ಎಷ್ಟು ಬೇಕು ಎನ್ನುವುದರಲ್ಲಿದೆ ಎಂದು ಅವರು ಮುಗಿಸಿದರು.

ವಾದ ಲಂಡನ್ನಿನಲ್ಲಿ ಬಹಳ ಹೊತ್ತು ನಿಲ್ಲಲಿಲ್ಲ. ಲಂಡನ್ನಿನ ಪರ ಜಗಳಾಡಲು ನಮ್ಮಲ್ಲಿ ಯಾರೂ ಇರಲಿಲ್ಲವಲ್ಲ. ಅದೇ ಅಳತೆಯಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಮ್ಮ ಈ ನಾಲ್ಕು ಊರು ಅಳೆದು ನೋಡೋಣ ಎಂದು ನಾನೇ ಬಾಯಿ ಹಾಕಿದೆ. ಸಂದೀಪ ಕಿತ್ತೂರಿನವನು. ಇಡೀ ದೇಶಕ್ಕೆ ಗೊತ್ತಿರುವ ಊರು ಈ ನಾಲ್ಕರಲ್ಲಿ ಒಂದೇ, ಅದು ಯಾವುದು ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ ಎಂದ. ಅಲ್ಲಿ ದುರ್ಗಾ ಎಂಬ ಹುಡುಗಿಯೂ ಇದ್ದಳು. ಸವದತ್ತಿಯವಳು, ಈ ಭಾಗದ ಸುದ್ದಿಗಳ ಒಂದು ಯೂಟ್ಯೂಬ್ ಚಾನೆಲ್ಲು ನಡೆಸುತ್ತಾಳೆ, ಅವತ್ತು ಅಕ್ಕನ ಮಗುವಿನ ತೊಟ್ಟಿಲಿಗೆಂದು ಭಾಂಡೆ ಕೊಳ್ಳಲು ಬಂದಿದ್ದಳು. ಎಲ್ಲಮ್ಮನ ಗುಡ್ಡಕ್ಕೆ ಬರುವ ಜನರನ್ನು ಲೆಕ್ಕ ಹಿಡಿದರೆ ಸವದತ್ತಿಗೆ ಆಲ್ಫಾ ಕೊಡಬೇಕು ಎಂದಳು. ನವಿಲುತೀರ್ಥದ ಆಣೆಕಟ್ಟಿನಿಂದ ನೀರು ಬಿಡದಿದ್ದರೆ ಉಳಿದವರೆಲ್ಲ ಏನು ಮಾಡುತ್ತೀರಿ ಎಂದೂ ಕೇಳಿದಳು. ಬೈಲಹೊಂಗಲಕ್ಕೆ ದೇವಕ್ಕ ಇದ್ದಳು, ಅದು ಸಾಕು. ರಾಮದುರ್ಗದ ಪರ ಮಾತಾಡುವವರು ಮಾತ್ರ ಯಾರೂ ಇರಲಿಲ್ಲ. ಆ ಊರಿನವಳೆಂದು ಅಲ್ಲಿದ್ದವಳು ಒಬ್ಬಳೇ, ಆಕೆಯೂ ಬೈಲಹೊಂಗಲದ ಕಡೆ ನಿಂತಿದ್ದಳು.

ಮರುದಿನ ದುರ್ಗಾ ಮೈಕು ಹಿಡಿದು ಬಂದಳು. ನಾಲ್ಕು ಊರಿಗೆ ನಂಬರು ಹಚ್ಚಿರಿ ಎಂದು ಬಜಾರದಲ್ಲಿ ಹತ್ತಾರು ಜನರನ್ನು ಕೇಳಿದಳು. ನನ್ನನ್ನೂ ಕೇಳಿದಳು. ನಾನು ಎಲ್ಲ ಊರೂ ಒಳ್ಳೆಯವೇ ಎಂದೆ. ಅದನ್ನು ಆಕೆ ವಿಡಿಯೋದಲ್ಲಿ ಹಾಕಲಿಲ್ಲ, ಸರಿಯೇ ಮಾಡಿದಳು. ಹಾಕಿದ್ದು ದೇವಕ್ಕನದು. ಆಕೆ ಹಂಡೆಗಳ ಸಾಲಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಮೊದಲು ಹೆಸರು ಕೇಳಿದ ದುರ್ಗಾ, ನೀವು ಇಲ್ಲಿಯವರೇ ಏನು ಎಂದು ಕೇಳಿದಳು. "ಇಲ್ಲೀಯವರ. ಮತ್ತೆಲ್ಲೀಯವರು?" ಎಂದಳು ದೇವಕ್ಕ. ಆಮೇಲೆ ದರ್ಜೆ. ಬೈಲಹೊಂಗಲ ಒಂದನೇ ನಂಬರು, ಯಾಕೆಂದರೆ ಸುತ್ತಲಿನ ಹಳ್ಳಿಯವರು ಮದುವೆಯ ಸಾಮಾನಿಗೆ ಇಲ್ಲಿಗೇ ಬರಬೇಕು. ಸವದತ್ತಿ ಎರಡನೆಯದು, ಎಲ್ಲಮ್ಮನಿಗೆ ಅಂಜಿ ಕೊಟ್ಟದ್ದು. ಕಿತ್ತೂರು ಮೂರನೆಯದು, ಹೆಸರು ದೊಡ್ಡದು, ಬಜಾರ ಸಣ್ಣದು. ನಾಲ್ಕನೆಯದು ಹೇಳುವಾಗ ಆಕೆಗೆ ಹುರುಪು ಬಂತು.

"ರಾಮದುರ್ಗದಾಗ ಏನೈತಿ? ಅರಮನಿ ಐತಿ, ರಾಜಾ ಇಲ್ಲ. ಮಗ್ಗ ಅದಾವ, ನೇಯೂ ಮಂದಿ ಇಲ್ಲ. ಹೊಳಿ ಐತಿ, ಬಂದ್ರ ಮನಿಯೊಳಗ ಬರತೈತಿ, ಇಲ್ಲಂದ್ರ ಕುಡ್ಯಾಕೂ ಸಿಗೂದಿಲ್ಲ."

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಮಲಕಾಜಪ್ಪ ಮಾತ್ರ ತಕ್ಕಡಿಯ ಮೇಲಿನ ಹಿತ್ತಾಳೆಯನ್ನು ನೋಡುತ್ತಿದ್ದ.

ಆ ವಿಡಿಯೋ ಹೇಗೆ ಹಬ್ಬಿತು ಎಂದು ಕೇಳಬೇಡಿ. ನಾಲ್ಕೂ ಊರುಗಳ ಮಂದಿಗೆ ಬೈಯಲು ಅದರಲ್ಲಿ ಸಾಕಷ್ಟು ಅವಕಾಶವಿತ್ತು. ಎಂ.ಕೆ. ಹುಬ್ಬಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಯ ಮುಂದಿನ ಚಹಾದ ಅಂಗಡಿಯಲ್ಲಿ ಕುಳಿತವರು ತಮ್ಮ ಊರನ್ನು ಲೆಕ್ಕಕ್ಕೇ ಹಿಡಿದಿಲ್ಲವೆಂದು ಸಿಟ್ಟಾದರಂತೆ. ಇದನ್ನು ಹೇಳಿದವಳು ಅದೇ ಊರಿಗೆ ಕೊಟ್ಟ ದೇವಕ್ಕನ ಮಗಳು ಗಂಗಾ. ಕೆಲವು ದಿನ ದೇವಕ್ಕ ಇದರಿಂದ ಉಬ್ಬಿಯೇ ಇದ್ದಳು. ಗಿರಾಕಿಗಳು ಗುರುತು ಹಿಡಿದು ಮಾತಾಡಿಸಿದರು. ರಾಮದುರ್ಗದಿಂದ ಬಂದ ಒಬ್ಬ ಹೆಣ್ಣುಮಗಳು, ನಿಮ್ಮನ್ನು ಅಲ್ಲಿ ಎಲ್ಲರೂ ನೋಡಿದ್ದಾರೆ ಎಂದು ನಗುತ್ತ ಹೇಳಿ ಹೋದಳು. ಎಲ್ಲರೂ ಎಂದರೆ ಯಾರು ಯಾರು ಎಂದು ದೇವಕ್ಕ ಆಮೇಲೆ ನನ್ನನ್ನು ಕೇಳಿದಳು. ನನಗೆ ಹೇಗೆ ಗೊತ್ತಿರಬೇಕು?

ಆಷಾಢ ಮುಗಿಯಿತು. ಶ್ರಾವಣ ಹಿಡಿಯಿತು. ಬಜಾರದ ಹೆಂಗಸರು ಒಬ್ಬೊಬ್ಬರಾಗಿ ತವರಿಗೆ ಹೋಗತೊಡಗಿದರು. ಬಸ್‌ಸ್ಟ್ಯಾಂಡಿನಲ್ಲಿ ಅಣ್ಣತಮ್ಮಂದಿರು ಅಕ್ಕತಂಗಿಯರ ಚೀಲ ಹೊತ್ತು ಓಡಾಡುತ್ತಿದ್ದರು. ಪಂಚಮಿಗೆ ಎರಡು ದಿನ ಇರುವಾಗ ದೇವಕ್ಕ ಬೆಳಿಗ್ಗೆಯಿಂದಲೇ ಮೆಟ್ಟಿಲ ಹತ್ತಿರ ಕುಳಿತಳು. ಬಿಸಿಲು ಬರುತ್ತದೆಂದು ಒಳಗೆ ಹೋಗಿ, ಒಳಗೆ ಸೆಕೆಯೆಂದು ಮತ್ತೆ ಹೊರಗೆ ಬಂದಳು. ಮಹಾದೇವ ಬರಲಿಲ್ಲ. ಮರುದಿನವೂ ಬರಲಿಲ್ಲ.

ಸಿಟ್ಟು ಯಾತಕ್ಕೆ ಎನ್ನುವುದು ನಮಗೆಲ್ಲ ಸ್ಪಷ್ಟವಿತ್ತು. ಹುಟ್ಟಿದ ಊರನ್ನು ಕಡೆಯ ನಂಬರಿಗೆ ಹಾಕಿ ಮಂದಿಯ ಮುಂದೆ ನಗಿಸಿದರೆ ಯಾವ ತಮ್ಮನಿಗೆ ಸಿಟ್ಟು ಬರುವುದಿಲ್ಲ? ಗಂಗಾ ಫೋನಿನಲ್ಲಿ, ತಾನು ಮಾಮನಿಗೆ ಹೇಳಿ ನೋಡಲೇ ಎಂದಳು. ದೇವಕ್ಕ ಮಗಳಿಗೆ ಬೈದ ಬೈಗುಳ ನನ್ನ ಅಂಗಡಿಯವರೆಗೆ ಕೇಳಿಸಿತು. "ಹೇಳಿಸ್ಕೊಂಡು ಕರದ್ರ ಅದು ಕರದಂಗ ಆಗತೈತೇನು?" ಎಂದು ಕೂಗಿ ಫೋನು ಇಟ್ಟಳು. ಕರೆಯದೆ ಪಂಚಮಿಗೆ ತವರಿಗೆ ಹೋಗುವುದು ನಮ್ಮ ಹೆಂಗಸರ ಕಲ್ಪನೆಗೂ ಬಾರದ ಮಾತು. ಹೋದ ಮೇಲೆ ಒಳಗೆ ಕರೆಯದಿರುತ್ತಾರೆ ಎಂದಲ್ಲ. ಕರೆಸಿಕೊಳ್ಳುವುದೇ ಹಬ್ಬ, ಉಳಿದದ್ದು ಬರೀ ಜೋಕಾಲಿ ಆಡುವುದು, ಉಂಡಿ ತಿನ್ನುವುದು.

ಪಂಚಮಿಯ ದಿನ ದೇವಕ್ಕ ಅಂಗಡಿ ತೆರೆದಳು. ಮನೆಯಲ್ಲಿ ನಾಗಪ್ಪನಿಗೆ ಹಾಲೆರೆಯುವಾಗ ತಮ್ಮನ ಪಾಲು ಎಂದು ಹೇಳಿ ಹಾಲು ಹಾಕಿದ ಮೇಲೆ ಬಹಳ ಹೊತ್ತು ಎದ್ದಿರಲಿಲ್ಲವಂತೆ. ಇದನ್ನು ಹೇಳಿದವನು ಮಲಕಾಜಪ್ಪ. ನಾನು ಅವನ ಬಾಯಿಂದ ಒಂದೇ ಉಸಿರಿಗೆ ಅಷ್ಟು ಮಾತು ಕೇಳಿದ್ದು ಅದೇ ಮೊದಲು. ನನಗೆ ಆಕೆಯನ್ನು ನೋಡಿ ಕೆಟ್ಟೆನಿಸಿತು. ಯಾವತ್ತೂ ಯಾರ ಕನಿಕರವೂ ಬೇಡದವಳ ಮೇಲೆ ಕನಿಕರ ಪಡುವುದು ಬಹಳ ಮುಜುಗರದ ಕೆಲಸ.

ಸಂಜೆ ನಿಜಗುಣಪ್ಪನವರು ಬಂದರು. ಅವರಿಗೂ ಬೇಸರವಾಗಿತ್ತು, ವಾದ ಎಬ್ಬಿಸಿದವರು ತಾವೇ ತಾನೇ. ಮೇಷ್ಟ್ರು ಬೇಸರವಾದರೂ ಪಾಠವನ್ನೇ ಮಾಡುತ್ತಾರೆ. ದರ್ಜೆ ಎನ್ನುವುದು ಅಳತೆ ಬದಲಿಸಿದಂತೆ ಬದಲಾಗುತ್ತದೆ ಎಂದು ಶುರು ಮಾಡಿದರು. ಒಂದು ಪಟ್ಟಿಯಲ್ಲಿ ಮೇಲಿರುವ ಶಹರ ಇನ್ನೊಂದರಲ್ಲಿ ಎಲ್ಲೋ ಕೆಳಗಿರುತ್ತದೆ. ನಂಟಿನ ಲೆಕ್ಕ ಹಿಡಿದರೆ ರಾಮದುರ್ಗದ ಸೀರೆ ಎಲ್ಲೆಲ್ಲಿಗೋ ಹೋಗಿದೆ, ಆ ಊರನ್ನು ಎರಡನೇ ನಂಬರಿಗೆ ಏರಿಸುವುದು ಕಷ್ಟವಲ್ಲ, ದುರ್ಗಾಳನ್ನು ಕರೆಸಿ ಇನ್ನೊಂದು ವಿಡಿಯೋ ಮಾಡಿಸಿದರೆ ಆಯಿತು ಎಂದರು.

ದೇವಕ್ಕ ಒಂದು ಚರಿಗೆಯನ್ನು ಸೆರಗಿನಿಂದ ಒರೆಸುತ್ತ ಕೇಳುತ್ತಿದ್ದಳು. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ.

"ಸರ, ನಿಮ್ಮ ಲಂಡನ್ನಿಗೆ ಹೋಗಾಕ ಏನ ಬೇಕು?" ಎಂದು ಕೇಳಿದಳು.

ಪಾಸ್‌ಪೋರ್ಟು, ಟಿಕೀಟು ಬೇಕು ಎಂದರು ಅವರು.

"ಅವು ಎರಡು ಇದ್ರ ಯಾರ ಬೇಕಾದ್ರೂ ಹೋಗಬಹುದು, ಹೌದಿಲ್ಲೊ? ರಾಮದುರ್ಗಕ್ಕ ನನಗ ಟಿಕೀಟ ಸೈತ ಬ್ಯಾಡ. ಈಗ ಹೆಣ್ಣಮಕ್ಕಳಿಗೆ ಬಸ್ಸ ಪುಕ್ಕಟ ಐತಿ, ಆಧಾರ ಕಾರ್ಡ ತೋರಿಸಿದ್ರ ಕಂಡಕ್ಟರ ಸುಮ್ಮ ಕೂಡಸ್ತಾನ. ಆದ್ರೂ ನನಗ ಹೋಗಾಕ ಆಗವಲ್ದು. ಅವ ಕರೀಬೇಕು. ಹಂಗ ಕರದ್ರಷ್ಟ ಹೋಗೂ ಊರು ಜಗತ್ತಿನಾಗ ನನಗ ಅದೊಂದ ಐತಿ. ನಿಮ್ಮ ಪಂಡಿತರು ಅದನ್ನ ಯಾವ ನಂಬರಿಗೆ ಹಾಕ್ತಾರ, ಕೇಳ್ರಿ."

ನಿಜಗುಣಪ್ಪನವರು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಚಹಾ ಬರಲಿಲ್ಲವಲ್ಲ ಎಂದರು.

ಮಹಾದೇವ ಬಂದದ್ದು ಪಂಚಮಿ ಕಳೆದು ಒಂದು ವಾರದ ಮೇಲೆ. ನಾನು ಆಗ ದೇವಕ್ಕನ ಅಂಗಡಿಯಲ್ಲೇ ಇದ್ದೆ, ಚಿಲ್ಲರೆ ಕೇಳಲು ಹೋಗಿದ್ದೆ. ಹೆಗಲ ಮೇಲೆ ಒಂದು ಗೋಣಿಚೀಲ ಹೊತ್ತಿದ್ದ, ನಡೆದರೆ ಅದು ಗಣಗಣ ಎನ್ನುತ್ತಿತ್ತು. "ಚೀಲ ಕಟ್ಟು" ಎನ್ನಲಿಲ್ಲ. ಅಕ್ಕನ ಮುಖ ನೋಡದೆ ನೇರ ಒಳಗೆ ಹೋಗಿ, ಗೋಣಿಚೀಲವನ್ನು ಮಲಕಾಜಪ್ಪನ ಮುಂದೆ ಬೋರಲು ಹಾಕಿದ. ಹಿತ್ತಾಳೆಯ ಕೊಡ, ತಾಮ್ರದ ತಂಬಿಗೆ, ಗಂಗಾಳ, ಬೋಗೋಣಿ, ಇತ್ತೀಚಿನ ಸ್ಟೀಲಿನ ಡಬ್ಬಿಗಳು. ಎಲ್ಲದರ ಮೇಲೂ ಒಂದೇ ಬರಹವಿತ್ತು: ಸೌ. ದೇವಕ್ಕ ಮಲಕಾಜಪ್ಪ, ಬೈಲಹೊಂಗಲ. ಇಷ್ಟು ವರ್ಷ ಪಂಚಮಿಗೆ ಆಕೆ ಒಯ್ದ ಭಾಂಡೆಗಳಲ್ಲಿ ಚೀಲಕ್ಕೆ ಹಿಡಿಸಿದಷ್ಟೂ ಅಲ್ಲಿದ್ದವು.

"ತೂಗ್ರಿ ಮಾಮಾ. ಹಳೇವು. ಮುರಿಯಾಕ ತಂದೇನಿ" ಎಂದ.

ಮಲಕಾಜಪ್ಪ ಭಾಂಡೆಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಕೈಚಾಚಿ ಕರೆಂಟಿನ ತಕ್ಕಡಿಯ ವೈರನ್ನು ಗೋಡೆಯಿಂದ ಕಿತ್ತ.

"ಕರೆಂಟ ಇಲ್ಲ" ಎಂದ.

ಮೆಟ್ಟಿಲ ಮೇಲೆ ಸಂದೀಪನ ಸೂಜಿ ಜೋರಾಗಿ ಸದ್ದು ಮಾಡುತ್ತಲೇ ಇತ್ತು. ಅವನಿಗೂ ಯಾಕೋ ನಾಚಿಕೆಯಾಗಿ ಅದನ್ನು ನಿಲ್ಲಿಸಿದ.

ದೇವಕ್ಕ ಗಾದಿಯ ಹತ್ತಿರ ಬಂದಳು. ವಿಡಿಯೋದಲ್ಲಿ ಆಡಿದ್ದು ತಮಾಷೆಯ ಮಾತು, ರಾಮದುರ್ಗಕ್ಕೆ ನಾಲ್ಕನೇ ನಂಬರು ಕೊಟ್ಟದ್ದು ತನ್ನದೇ ತಪ್ಪು, ಬೇಕಿದ್ದರೆ ಅದೇ ಹುಡುಗಿಯನ್ನು ಕರೆಸಿ ಒಂದನೇ ನಂಬರು ಎಂದು ಹೇಳುತ್ತೇನೆ ಎಂದಳು. ತಪ್ಪು ಎನ್ನುವ ಶಬ್ದ ಆಕೆಯ ಬಾಯಲ್ಲಿ ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಮಹಾದೇವ ತಲೆಯಾಡಿಸಿದ.

"ನಂಬರಿಗೆ ನನಗೇನೂ ಅನಸ್ಲಿಲ್ಲಕ್ಕಾ. ರಸ್ತಾಕ್ಕ, ಹೊಳಿಗೆ ನಾ ದಿನಾ ಅದಕ್ಕಿಂತ ಹೆಚ್ಚು ಬೈತೇನಿ. ಅಂಗಡ್ಯಾಗ ಕುಂತು ಎಲ್ಲಾರೂ ಕೂಡಿ ನೋಡಿ ನಕ್ವಿ. ನಮ್ಮ ಅಕ್ಕ ನೋಡ್ರಿ ಅಂತ ನಾನ ಎಲ್ಲಾರಿಗೂ ತೋರಿಸಿದೆ. ಎರಡನೇ ಸಲ ಹಚ್ಚಿದಾಗ ಮೊದಲಿಂದು ಕೇಳಿಸ್ತು. ನೀವು ಇಲ್ಲೀಯವರೇನು ಅಂತ ಆ ಹುಡಿಗಿ ಕೇಳತೈತಿ. ಇಲ್ಲೀಯವರ, ಮತ್ತೆಲ್ಲೀಯವರು ಅಂತೀ. ನನ್ನ ಬಾಜೂ ಕುಂತಾವ ಕೇಳಿದ, ನಿಮ್ಮಕ್ಕ ಅಂದ್ಯಲ್ಲೋ, ಅಂತ."

ಅಷ್ಟು ಹೇಳಿ ಅವನು ನೆಲದ ಮೇಲಿನ ಕೊಡವೊಂದನ್ನು ಎತ್ತಿ ನೆಟ್ಟಗೆ ಇಟ್ಟ.

"ಮನಿಗಿ ಹೋಗಿ ಭಾಂಡೆ ನೋಡಿದ್ನಿ. ಎಲ್ಲಾದರ ಮ್ಯಾಲೂ ಊರು ಐತಿ. ಇಷ್ಟ ವರ್ಷ ನಾ ಲಕ್ಷ್ಯಾನ ಕೊಟ್ಟಿರಲಿಲ್ಲ."

ಆ ವಿಡಿಯೋವನ್ನು ನಾನು ಎಷ್ಟೋ ಸಲ ನೋಡಿದ್ದೆ, ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ಅದರಲ್ಲಿ ನೋಯುವಂಥದ್ದು ಇದೆ ಎಂದು ನನಗಾಗಲಿ ನಿಜಗುಣಪ್ಪನವರಿಗಾಗಲಿ ಹೊಳೆದಿರಲಿಲ್ಲ. ನಾವು ನಂಬರು ನೋಡುತ್ತ ಕುಳಿತಿದ್ದೆವು.

ದೇವಕ್ಕ, "ಅತ್ತಿ ಮುಂದ ಅಂದು ಅಂದು ರೂಢಿ ಆತೋ ತಮ್ಮಾ" ಎಂದಳು, ಅಷ್ಟೇ. ಆಮೇಲೆ ಕುಕ್ಕರಗಾಲಲ್ಲಿ ಕುಳಿತು ಭಾಂಡೆಗಳನ್ನು ಒಂದೊಂದೇ ಎತ್ತಿ ಸಂದೀಪನ ಮುಂದೆ ಸಾಲಾಗಿ ಇಟ್ಟಳು. ತಪ್ಪು ಬಿದ್ದ ಹೆಸರುಗಳನ್ನು ಉಜ್ಜಿ ತೆಗೆಯಲು ಅವನ ಬಳಿ ಪಾಲಿಶಿನ ಚಕ್ರವಿದೆ. ಎಲ್ಲದರ ಮೇಲಿನ ಊರು ತೆಗೆ, ಹೆಸರು ಇರಲಿ ಎಂದಳು.

ಸಂದೀಪ ಹಿತ್ತಾಳೆಯ ಹಳೆಯ ಕೊಡವನ್ನು ತಿರುಗಿಸಿ ನೋಡಿದ. ಉಳಿಯ ಚುಕ್ಕೆಗಳು ಆಳವಾಗಿ ಇಳಿದಿವೆ, ಪೂರ್ತಿ ಹೋಗುವುದಿಲ್ಲ ಎಂದ. ಹೋದಷ್ಟು ಹೋಗಲಿ ಎಂದಳು ದೇವಕ್ಕ. ಅವನು ಚಕ್ರ ಹಚ್ಚಿದ. ಊರಿನ ಹೆಸರಿದ್ದಲ್ಲಿ ಒಂದು ಹೊಳೆಯುವ ಪಟ್ಟೆ ಎದ್ದಿತು. ಕಣ್ಣು ಹತ್ತಿರ ಹಿಡಿದರೆ ಮಾತ್ರ ಬೈಲಹೊಂಗಲ ಕಾಣುತ್ತಿತ್ತು. ಮಹಾದೇವ ಮೆಟ್ಟಿಲ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದ. ಕೊಡ ಮುಗಿದ ಮೇಲೆ ಸಂದೀಪ ಸೂಜಿ ಕೈಗೆತ್ತಿಕೊಂಡು, ದಿನವೂ ಕೇಳುವ ರೀತಿಯಲ್ಲೇ ಕೇಳಿದ.

"ಇಲ್ಲಿ ಊರು ಯಾವುದು ಹಾಕ್ಲಿ?"

"ಯಾವುದೂ ಬ್ಯಾಡ" ಎಂದಳು ದೇವಕ್ಕ. "ಮನಿ ಭಾಂಡೆಕ್ಕ ಊರು ಯಾರ ಹಾಕ್ತಾರ?"

ಮಹಾದೇವ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ, ಆ ದಿನ ಸೆಕೆಯೂ ಇತ್ತು. ಎದ್ದು ಮೆಟ್ಟಿಲಿಳಿದು, ಪ್ರತಿ ವರ್ಷ ನಿಲ್ಲುವ ಜಾಗದಲ್ಲಿ ಹೋಗಿ ನಿಂತ.

"ಚೀಲ ಕಟ್ಟು ಅಕ್ಕಾ. ಜೋಕಾಲಿ ಇನ್ನಾ ಬಿಚ್ಚಿಲ್ಲ" ಎಂದ.

ದೇವಕ್ಕ ಈ ಸಲ ಬಸ್ಸಿಗೂ ಬೈಯಲಿಲ್ಲ, ಸೆಕೆಗೂ ಬೈಯಲಿಲ್ಲ. ಮಲಕಾಜಪ್ಪ ಬಗ್ಗಿ ಗಾದಿಯ ಕೆಳಗೆ ಕೈಹಾಕಿ ಆಕೆಯ ಚೀಲ ಎಳೆದು ಹೊರಗಿಟ್ಟ. ಅದು ಪಂಚಮಿಗೆ ಮೊದಲು ಕಟ್ಟಿದ್ದು, ಆಕೆ ಇನ್ನೂ ಬಿಚ್ಚಿರಲಿಲ್ಲ.